ಮಂದಾಗ್ನಿಯ ಅಡಿಗೆ

ಮಂದಾಗ್ನಿ ಎಂಬುದು ವೈದ್ಯರ ಬಾಯಲ್ಲಿ ಒಂದು ರೋಗದ ಹೆಸರು. ಅಡಿಗೆಯ ಮನೆಯಲ್ಲಿ ಅದೇ ಒಂದು ಗುಣ. ಆರುತ್ತಿರುವ ಕೆಂಡದ ಮೇಲೆ ಮೆಲ್ಲನೆ ಹದಗೊಂಡ ಹುರುಳಿ ಕಟ್ಟಿನ ಸಾರನ್ನು ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕೆಂಡದ ಕೆಲಸವನ್ನು ಈಗ ವಿದ್ಯುತ್ತಿಗೆ ವಹಿಸಿಕೊಟ್ಟಿರುವ ಪಾತ್ರೆಯೇ ಸ್ಲೋ ಕುಕ್ಕರ್. ಬೆಳಗ್ಗೆ ಎಂಟಕ್ಕೇ ನಾನೂ ನನ್ನ ಮಡದಿಯೂ ಬೇರೆ ಬೇರೆ ಕಾಲೇಜುಗಳ ದಾರಿ ಹಿಡಿಯುವ ಮನೆ ನಮ್ಮದು; ಸಂಜೆ ಬೀಗ ತೆಗೆದಾಗ ಬೇಳೆ ಬೆಂದು ಕಾದಿರುವುದೆಂದರೆ ಸಣ್ಣ ಮಾತಲ್ಲ.

ಇದರ ಮೂಲಕಥೆಯೂ ಸೊಗಸಾಗಿದೆ. ಯೆಹೂದ್ಯರು ಸಬ್ಬತ್ತಿನ ದಿನ ಒಲೆ ಹೊತ್ತಿಸರು. ಹಿಂದಿನ ಸಂಜೆಯೇ ಕಾಳು, ಮಾಂಸಗಳ 'ಚೋಲೆಂಟ್' ಎಂಬ ಅಡಿಗೆಯನ್ನು ರೊಟ್ಟಿಯಂಗಡಿಯ ಒಲೆಯ ಉಳಿಗಾವಿನಲ್ಲಿ ಇಟ್ಟುಬರುತ್ತಿದ್ದರು. ಲಿಥುವೇನಿಯಾದಿಂದ ಬಂದ ತನ್ನ ಮನೆಯ ಹಿರಿಯರಿಂದ ಇದನ್ನು ಕೇಳಿದ್ದ ಅಮೆರಿಕದ ಇರ್ವಿಂಗ್ ನ್ಯಾಕ್ಸನ್, 1940ರಲ್ಲಿ ತನ್ನ ವಿದ್ಯುತ್ ಪಾತ್ರೆಗೆ ಪೇಟೆಂಟ್ ಪಡೆದ. 1971ರಲ್ಲಿ ಅದು ಕ್ರಾಕ್‌ಪಾಟ್ ಎಂಬ ಹೆಸರಿನಿಂದ ಪೇಟೆಗೆ ಬಂದಿತು.

ಆದರೆ ನಮ್ಮ ಹುಳಿಯನ್ನು ಈ ಪಾತ್ರೆಗೆ ಇಳಿಸುವುದು ಪದ್ಯವನ್ನು ಭಾಷಾಂತರಿಸಿದಂತೆ. ಸಾಮಗ್ರಿ ಅದೇ, ಅನುಕ್ರಮ ಬೇರೆ. ಹಬೆ ಹೊರಗೆ ಹೋಗದಾದ್ದರಿಂದ ವಾಡಿಕೆಯ ನೀರಿನಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಕಳೆಯಬೇಕು. ಗೆಡ್ಡೆಗಳು ತಳದಲ್ಲಿ, ಮೇಲೆ ಬೇಳೆ, ಅರಿಸಿನ. ಹುಣಿಸೆಯ ರಸವನ್ನು ಮೊದಲೇ ಹುಯ್ದರೋ, ಎಂಟು ಗಂಟೆ ಕಳೆದರೂ ತೊಗರಿಬೇಳೆ ಕರಗದು. ಕಾಳಿನ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ನನ್ನು ಹುಳಿ ಸಡಿಲಗೊಡದು. ಹುಣಿಸೆ, ಹುಳಿಪುಡಿ, ರುಬ್ಬಿದ ಕಾಯಿ ಇವೆಲ್ಲ ಸಂಜೆ, ಕಾವನ್ನು ಏರಿಸಿ, ಕೊನೆಯ ಅರ್ಧಗಂಟೆಯಲ್ಲಿ. ಸೊಪ್ಪೂ ಆಗಲೇ. ಒಗ್ಗರಣೆ ಮಾತ್ರ ಈ ಪಾತ್ರೆಯ ಅಳವಲ್ಲ. ಸಾಸಿವೆ ಸಿಡಿಯುವಷ್ಟು ಕಾವು ಇದಕ್ಕೆಲ್ಲಿ? ಅದಕ್ಕೆ ಹಳೆಯ ಸೌಟೇ ಬೇಕು. ನಡುನಡುವೆ ಮುಚ್ಚಳ ತೆಗೆದು ಇಣಿಕುವ ಚಪಲವಿದ್ದವರು (ಗಂಡಸರಲ್ಲಿ ಇದು ಹೆಚ್ಚು) ಒಂದೊಂದು ಇಣುಕಿಗೂ ಇಪ್ಪತ್ತು ನಿಮಿಷದ ದಂಡ ತೆರಬೇಕಾಗುತ್ತದೆ.

ಇಲ್ಲಿಯವರೆಗಿನದು ರುಚಿಯ ಮಾತು. ರಾಜ್ಮಾದ ವಿಷಯ ಹಾಗಲ್ಲ. ಆ ಕೆಂಪು ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷವಸ್ತುವಿದೆ. ಹಸಿಯ ನಾಲ್ಕೈದು ಕಾಳು ಹೊಟ್ಟೆ ಸೇರಿದರೂ ಕೆಲವೇ ಗಂಟೆಗಳಲ್ಲಿ ವಾಂತಿಭೇದಿ. ಕುದಿ ಅದನ್ನು ಕೊಲ್ಲುತ್ತದೆ. 80 ಡಿಗ್ರಿಯ ಆಸುಪಾಸಿನ ಅರೆಗಾವು ಅದನ್ನು ಹಸಿಯ ಕಾಳಿಗಿಂತಲೂ ಉಗ್ರವಾಗಿಸಬಲ್ಲದು. ಮೆದುವಾದ ಕಾಳನ್ನು ಕಂಡು ಬೆಂದಿತೆಂದು ನಂಬುವುದು ಇಲ್ಲಿ ಅಪಾಯ. ಆದ್ದರಿಂದ ಐದು ಗಂಟೆಯಾದರೂ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ 30 ನಿಮಿಷ ಕೊತಕೊತನೆ ಕುದಿಸಿದ ಮೇಲೆಯೇ ನಾವು ರಾಜ್ಮಾವನ್ನು ಈ ಪಾತ್ರೆಗೆ ಸುರಿಯುವುದು. ಬೆಳಗಿನ ಅವಸರದಲ್ಲಿ ಅಷ್ಟು ಹೊತ್ತಿಲ್ಲವೆಂದರೆ ಆ ದಿನ ಹೆಸರುಬೇಳೆ.