ಕ್ರೀಡಾಪಟುವಿನ ಆಯ್ಕೆ

ಕಾಲೇಜುಗಳು ತಮ್ಮ ಕ್ರೀಡಾತಂಡಗಳಿಗೆ ಪ್ರೌಢಶಾಲೆಯ ಆಟಗಾರರನ್ನು ಆರಿಸಿಕೊಳ್ಳುವುದುಂಟು. ಮೇಲ್ನೋಟಕ್ಕೆ ಸುಲಭವೆನಿಸಿದರೂ ಇದು ಬಹು ಕಠಿನವಾದ ಕಾರ್ಯ. ಹದಿನೈದು, ಹದಿನಾರರ ವಯಸ್ಸಿನಲ್ಲಿ ದೇಹವು ಇನ್ನೂ ಬೆಳೆಯುತ್ತಿರುತ್ತದೆ. ಇಂದು ಮೊದಲಿಗನಾದವನು ಓರಗೆಯವರಿಗಿಂತ ಬೇಗನೆ ಬೆಳೆದವನಷ್ಟೇ ಆಗಿರಬಹುದು. ಹಿಂದುಳಿದವನು ನಾಳೆ ಅವನನ್ನು ಮೀರಿಸಬಹುದು. ಆದುದರಿಂದ ತರಬೇತುದಾರನು ಗೆದ್ದ ಬಹುಮಾನಗಳನ್ನು ಎಣಿಸಿದರೆ ಸಾಲದು. ದೇಹದ ಕಟ್ಟು, ಕಲಿಯುವ ಆಸಕ್ತಿ, ಸೋಲನ್ನು ತಾಳುವ ಗುಣ ಇವುಗಳನ್ನೂ ಗಮನಿಸಬೇಕು.

ಮನೆಯವರನ್ನು ಒಪ್ಪಿಸುವುದು ಇನ್ನೊಂದು ತೊಡಕು. ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ಹಳ್ಳಿಗಳಿಂದ ಮಕ್ಕಳನ್ನು ದೂರದ ಕಾಲೇಜಿಗೆ ಕಳುಹಿಸುವ ತಂದೆತಾಯಿಗಳಿಗೆ ಊಟ, ವಸತಿ, ಶುಲ್ಕಗಳ ಚಿಂತೆ. ಆಟದಿಂದ ಓದು ಕೆಟ್ಟೀತೆಂಬ ಅಂಜಿಕೆ. ಪೆಟ್ಟು ಬಿದ್ದು ಆಟ ನಿಂತರೆ ಗತಿಯೇನೆಂಬ ಪ್ರಶ್ನೆಗೂ ಕಾಲೇಜು ಉತ್ತರ ಹೇಳಬೇಕಾಗುತ್ತದೆ.

ಕುಂದಾಪುರದ ಬಳಿಯ ವಂಡ್ಸೆಯ ಗುರುರಾಜ ಪೂಜಾರಿಯವರು ವಾಹನ ಚಾಲಕರೊಬ್ಬರ ಮಗ. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರರು ಪದಕ ಗೆದ್ದುದನ್ನು ಕಂಡು ಅವರಲ್ಲಿ ಕುಸ್ತಿಪಟುವಾಗುವ ಆಸೆ ಮೂಡಿತು. ಮುಂದೆ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿ ಓದುತ್ತಿದ್ದಾಗ ತರಬೇತುದಾರರು ಅವರಲ್ಲಿ ಭಾರ ಎತ್ತುವ ಶಕ್ತಿಯನ್ನು ಗುರುತಿಸಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 56 ಕಿಲೋಗ್ರಾಂ ವಿಭಾಗದಲ್ಲಿ ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿ ಪದಕ ಪಡೆದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕ ಅದೇ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋಗ್ರಾಂ ವಿಭಾಗದ ಕಂಚು ಅವರದಾಯಿತು.

ಹುಡುಗನ ಆಸೆಯೊಂದನ್ನೇ ನೋಡಿ ಆಯ್ಕೆ ಮಾಡಿದ್ದರೆ ಅವರು ಕುಸ್ತಿಯಲ್ಲೇ ಉಳಿಯುತ್ತಿದ್ದರೇನೋ. ಆರಿಸಿ ತಂದಲ್ಲಿಗೆ ತರಬೇತುದಾರನ ಕೆಲಸ ಮುಗಿಯುವುದಿಲ್ಲ. ಬಂದವನ ಶಕ್ತಿ ಎಲ್ಲಿದೆಯೆಂದು ಕಂಡುಹಿಡಿಯುವುದು ಅನಂತರದ ಮಾತು.