ಭಂಗಿಯ ನಿತ್ಯಸೇವನೆಯೂ ವಿರಾಮವೂ

ಭಂಗಿ, ಗಾಂಜಾ, ಚರಸ್ ಎಂಬ ಮೂರೂ ಒಂದೇ ಗಿಡದಿಂದ ಹುಟ್ಟತಕ್ಕ ಮಾದಕವಸ್ತುಗಳು. ಎಲೆಯಿಂದ ಭಂಗಿಯೂ, ಹೆಣ್ಣುಗಿಡದ ಹೂಗೊಂಚಲಿನಿಂದ ಗಾಂಜಾವೂ, ಅದರ ಅಂಟಿನಿಂದ ಚರಸ್ಸೂ ಆಗುವುವು. ಇವುಗಳ ಗುಣದೋಷಗಳನ್ನು ಕುರಿತ ಚರ್ಚೆ ಬಹುಕಾಲದಿಂದ ನಡೆದುಬಂದಿದೆ. ಆದರೆ ಪ್ರತಿದಿನವೂ ಸೇವಿಸುತ್ತಿದ್ದವನು ಕೆಲವು ಕಾಲ ಅದನ್ನು ನಿಲ್ಲಿಸಿದಾಗ ಅವನ ದೇಹಮನಸ್ಸುಗಳಲ್ಲಿ ನಡೆಯುವುದೇನು ಎಂಬ ವಿಷಯ ಕನ್ನಡದಲ್ಲಿ ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಇದು ವೈದ್ಯರಿಗೆ ಮಾತ್ರ ಸೇರಿದ ವಿಷಯವಲ್ಲ. ನಿಲ್ಲಿಸಿದ ಮೊದಲ ವಾರದಲ್ಲಿ ತೋರುವ ನಿದ್ರಾನಾಶ, ಸಿಡುಕು, ಅರುಚಿಗಳನ್ನು ಸೇವಿಸುತ್ತಿದ್ದವನೂ ಅವನ ಮನೆಯವರೂ ಯಾವ ಅರ್ಥದಲ್ಲಿ ಗ್ರಹಿಸುವರೋ ಅದನ್ನೇ ಬಹುಮಟ್ಟಿಗೆ ಅವಲಂಬಿಸಿ ವಿರಾಮವು ಮುಂದುವರಿಯುವುದು ಅಥವಾ ಮುರಿಯುವುದು. ಆ ಲಕ್ಷಣಗಳ ಅರ್ಥವನ್ನು ಪ್ರಾಚೀನ ಶಾಸ್ತ್ರದ ಪರಿಭಾಷೆಯಿಂದಲೂ ಆಧುನಿಕ ಶೋಧನೆಗಳಿಂದಲೂ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೧

'ಭಂಗಾ' ಎಂಬ ಶಬ್ದ ಬಹು ಪ್ರಾಚೀನವಾದುದು. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಎಳ್ಳು, ಉದ್ದು, ಅಗಸೆಗಳ ಹೊಲಗಳನ್ನು ಹೇಳುವ ಶಬ್ದಗಳೊಡನೆ ಭಂಗೆಯ ಹೊಲವೆಂಬ ಅರ್ಥದಲ್ಲಿ 'ಭಂಗ್ಯ', 'ಭಾಂಗೀನ' ಎಂಬ ರೂಪಗಳೂ ಸಿದ್ಧವಾಗುತ್ತವೆ. ಅಲ್ಲಿ ಅದು ಹೊಲದ ಬೆಳೆಯೆಂದು ತಿಳಿಯುವುದೇ ಹೊರತು ಮಾದಕವೆಂದು ತಿಳಿಯಲು ಆಧಾರವಿಲ್ಲ. ನಾರಿಗಾಗಿಯೂ ಈ ಗಿಡವನ್ನು ಬೆಳೆಯುವುದುಂಟು. ವೈದ್ಯಗ್ರಂಥಗಳಲ್ಲಿ ಅದರ ಮಾದಕಗುಣ ಸ್ಪಷ್ಟವಾಗಿ ಕಾಣುವುದು ಮಧ್ಯಯುಗದಿಂದೀಚೆಗೆ. ಶಾರ್ಙ್ಗಧರನು ತನ್ನ ಸಂಹಿತೆಯ ಪೂರ್ವಖಂಡದಲ್ಲಿ ದ್ರವ್ಯಗಳ ಕ್ರಿಯೆಗಳಿಗೆ ಲಕ್ಷಣ ಹೇಳುತ್ತ, ಮೊದಲು ದೇಹವನ್ನೆಲ್ಲ ವ್ಯಾಪಿಸಿ ಅನಂತರ ಪಾಕಗೊಳ್ಳತಕ್ಕುದನ್ನು 'ವ್ಯವಾಯಿ' ಎಂದು ಕರೆದು, ಅದಕ್ಕೆ ಭಂಗೆಯನ್ನೂ ಅಫೀಮನ್ನೂ ಉದಾಹರಿಸಿರುವನು. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಬರುವ ಪರ್ಯಾಯಗಳಲ್ಲಿ 'ವಿಜಯಾ', 'ಜಯಾ', 'ಮಾದಿನೀ' ಎಂಬುವೂ ಸೇರಿವೆ. ಈ ಹೆಸರುಗಳು ಸೇವಿಸಿದಾಗಿನ ಹುರುಪನ್ನೂ ಮದವನ್ನೂ ಸೂಚಿಸುವುವಲ್ಲದೆ, ಬಿಟ್ಟಾಗಿನ ಸ್ಥಿತಿಯನ್ನು ಯಾವುದೂ ಸೂಚಿಸುವುದಿಲ್ಲ.

ಬಿಡುವ ಪ್ರಶ್ನೆಯನ್ನು ವ್ಯಾಪಕವಾಗಿ ವಿಚಾರಿಸಿದ ಶ್ರೇಯಸ್ಸು ೧೮೯೩ರಲ್ಲಿ ಆಂಗ್ಲ ಸರ್ಕಾರವು ನೇಮಿಸಿದ ಭಾರತೀಯ ಭಂಗಿ ಆಯೋಗಕ್ಕೆ ಸಲ್ಲುತ್ತದೆ. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದ ಈ ಆಯೋಗವು, ಈ ಅಭ್ಯಾಸ ಸುಲಭವಾಗಿ ಅಂಟಿಕೊಳ್ಳುವುದೇ, ಅದನ್ನು ಬಿಡುವುದು ಕಷ್ಟವೇ ಎಂಬ ಪ್ರಶ್ನೆಗಳನ್ನು ತನ್ನ ಪ್ರಶ್ನಾವಳಿಯಲ್ಲಿಯೇ ಸೇರಿಸಿತ್ತು. ೧೮೯೪ರ ವರದಿಯಲ್ಲಿ ಮಿತಸೇವನೆಯನ್ನೂ ಅತಿಸೇವನೆಯನ್ನೂ ಬೇರ್ಪಡಿಸಿ, ಮೊದಲನೆಯದರಿಂದ ಸಾಮಾನ್ಯವಾಗಿ ಗಣನೀಯವಾದ ಹಾನಿಯಿಲ್ಲವೆಂದೂ ಎರಡನೆಯದು ಹಾನಿಕರವೆಂದೂ ನಿರ್ಣಯಿಸಲಾಯಿತು. ಆದರೆ ಮಿತಿಯು ಮೊತ್ತವೊಂದರಿಂದಲೇ ನಿಶ್ಚಿತವಾಗುವುದಿಲ್ಲ. ಇಂದು ಅಲ್ಪವಾಗಿ ತೋರುವುದು ನಿತ್ಯವೂ ನಡೆದರೆ ದೇಹವೇ ಬದಲಾಗುವುದು. ಈ ಅಂಶವನ್ನು ತಿಳಿಯಲು ಆಯುರ್ವೇದದ ಒಂದು ಪಾರಿಭಾಷಿಕ ಶಬ್ದ ಬಹಳ ಉಪಕಾರಿಯಾಗಿದೆ.

೨

ಆ ಶಬ್ದ 'ಓಕಸಾತ್ಮ್ಯ'. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದ ಕೊನೆಯಲ್ಲಿ ಇದರ ಲಕ್ಷಣ ದೊರೆಯುತ್ತದೆ. ಸ್ವಭಾವದಿಂದಲ್ಲದೆ ಕೇವಲ ಅಭ್ಯಾಸಬಲದಿಂದ ದೇಹಕ್ಕೆ ಒಗ್ಗಿಹೋದುದು ಓಕಸಾತ್ಮ್ಯ. ಒಗ್ಗಿದ ಮಾತ್ರಕ್ಕೆ ಅದು ಹಿತವೆಂದು ಆಗಲಿಲ್ಲ. ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ, ಹಾಲಿನೊಡನೆಯೂ ಉಪ್ಪನ್ನು ತಿನ್ನುವಷ್ಟು ಅದಕ್ಕೆ ಒಗ್ಗಿಹೋದ ಬಾಹ್ಲೀಕ, ಸೌರಾಷ್ಟ್ರ ಮೊದಲಾದ ದೇಶಗಳ ಜನರನ್ನು ಉದಾಹರಿಸಿ, ಅಂಥವರು ಆ ಅಭ್ಯಾಸದಿಂದ ಕ್ರಮಕ್ರಮವಾಗಿ ಹಿಂದೆಗೆಯುವುದೇ ಲೇಸೆಂದು ಹೇಳಿದೆ. ಕ್ರಮವಾಗಿ ಬಿಟ್ಟರೆ ದೋಷವಿಲ್ಲ, ಇದ್ದರೂ ಅಲ್ಪ ಎಂಬುದು ಅಲ್ಲಿನ ಅಭಿಪ್ರಾಯ.

ಬಿಡುವ ವಿಧಾನವು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿದೆ. ಅಭ್ಯಾಸವಾಗಿರುವ ಅಹಿತವನ್ನು ಕಾಲುಕಾಲು ಭಾಗವಾಗಿ ಇಳಿಸುತ್ತ, ಇಳಿಸಿದಷ್ಟೇ ಹಿತವಾದುದನ್ನು ಕೂಡಿಸುತ್ತ, ನಡುವೆ ಒಂದು, ಎರಡು, ಮೂರು ದಿನಗಳ ಅಂತರವನ್ನು ಬಿಡತಕ್ಕ ಈ ಕ್ರಮಕ್ಕೆ 'ಪಾದಾಂಶಿಕ'ವೆಂದು ಹೆಸರು. ದಿನಗಣನೆಯಲ್ಲಿ ವ್ಯಾಖ್ಯಾನಕಾರರಲ್ಲಿ ಭೇದವಿದ್ದರೂ ತತ್ತ್ವದಲ್ಲಿ ಭೇದವಿಲ್ಲ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಪಾದವನ್ನಲ್ಲದೆ ಪಾದದ ಪಾದವನ್ನೂ, ಎಂದರೆ ಹದಿನಾರರಲ್ಲಿ ಒಂದು ಭಾಗವನ್ನೂ, ವಿಧಿಸುತ್ತಾನೆ. ಅವನೇ ಋತುಸಂಧಿಯ ಪ್ರಸಂಗದಲ್ಲಿ, ಒಮ್ಮೆಗೇ ಬಿಡುವುದರಿಂದಲೂ ಒಮ್ಮೆಗೇ ಹಿಡಿಯುವುದರಿಂದಲೂ 'ಅಸಾತ್ಮ್ಯಜ' ರೋಗಗಳು ಹುಟ್ಟುವುವೆಂದು ಎಚ್ಚರಿಸಿರುವನು.

ಇವು ಆಹಾರವಿಹಾರಗಳನ್ನು ಕುರಿತ ವಿಧಿಗಳು. ಭಂಗಿಯನ್ನು ಉದ್ದೇಶಿಸಿ ಹೇಳಿದುವಲ್ಲ. ಇವುಗಳಲ್ಲಿ ಆಧುನಿಕ ಚಿಕಿತ್ಸೆಯನ್ನು ಹುಡುಕುವುದು ಯುಕ್ತವಲ್ಲ. ಆದರೆ ಬಿಡುವುದರಿಂದ ಹುಟ್ಟುವ ತೊಂದರೆ ಬೇರೆ, ಬಿಟ್ಟ ವಸ್ತುವು ದೇಹಕ್ಕೆ ಅವಶ್ಯಕವೆಂಬುದು ಬೇರೆ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ. ಪ್ರಕೃತ ವಿಷಯಕ್ಕೆ ಬೇಕಾದುದು ಈ ವಿವೇಕವೇ.

೩

ಆಧುನಿಕ ಶೋಧನೆಯು ಇದೇ ವಿವೇಕಕ್ಕೆ ಅಂಗರಚನೆಯ ಆಧಾರವನ್ನು ಒದಗಿಸಿದೆ. ಭಂಗಿಯ ಮುಖ್ಯ ಮಾದಕಾಂಶವಾದ ಟೆಟ್ರಾಹೈಡ್ರೊಕ್ಯಾನಬಿನಾಲನ್ನು ೧೯೬೪ರಲ್ಲಿ ಇಸ್ರೇಲಿನಲ್ಲಿ ಮೆಷೂಲಮ್ ಮತ್ತು ಗವೊನಿ ಎಂಬ ವಿದ್ವಾಂಸರು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರ್ಣಯಿಸಿದರು. ೧೯೮೮ರಲ್ಲಿ ಮಿದುಳಿನ ಕಣಗಳ ಮೇಲೆ ಆ ಅಂಶವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಇರುವುದು ಸಿದ್ಧವಾಯಿತು. ಗಿಡದ ರಸಕ್ಕಾಗಿ ದೇಹವು ಗ್ರಾಹಕವನ್ನು ಇಟ್ಟುಕೊಂಡಿರಲಾರದಷ್ಟೆ. ದೇಹದಲ್ಲಿಯೇ ಹುಟ್ಟಿ ಅವುಗಳ ಮೇಲೆ ವರ್ತಿಸುವ ವಸ್ತುವೊಂದು ೧೯೯೨ರಲ್ಲಿ ಹಂದಿಯ ಮಿದುಳಿನಿಂದ ದೊರೆಯಿತು. ಶೋಧಕರು ಸಂಸ್ಕೃತದ 'ಆನಂದ' ಶಬ್ದವನ್ನೇ ತೆಗೆದುಕೊಂಡು ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟರು. ಹಸಿವು, ನಿದ್ರೆ, ನೋವು, ಮನಸ್ಸಿನ ಸ್ಥಿತಿ ಇವುಗಳ ನಿಯಮನದಲ್ಲಿ ಈ ವ್ಯವಸ್ಥೆಗೆ ಪಾತ್ರವಿದೆ.

ಹೊರಗಿನ ಮಾದಕಾಂಶವು ದಿನದಿನವೂ ಧಾರಾಳವಾಗಿ ಬರುತ್ತಿದ್ದರೆ ಮಿದುಳು ತನ್ನ ಗ್ರಾಹಕಗಳನ್ನು ಕಡಮೆಮಾಡಿಕೊಳ್ಳುವುದು. ಮೊದಲಿನಷ್ಟೇ ಮೊತ್ತದಿಂದ ಮೊದಲಿನ ಫಲ ದೊರೆಯದೆ ಮೊತ್ತವನ್ನು ಏರಿಸುವ ಪ್ರವೃತ್ತಿ ಹುಟ್ಟುವುದು ಇದರಿಂದಲೇ. ಅಮೆರಿಕದಲ್ಲಿ ನಿತ್ಯವೂ ಸೇದುವ ೩೦ ಮಂದಿ ಪುರುಷರನ್ನು ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಮಿದುಳಿನ ಹೊರಪದರದ ಭಾಗಗಳಲ್ಲಿ ಈ ಗ್ರಾಹಕಗಳು ಸುಮಾರು ನೂರಕ್ಕೆ ೨೦ರಷ್ಟು ಕಡಮೆಯಾಗಿದ್ದುವು. ಅವರಲ್ಲಿ ಕೆಲವರನ್ನು ಸುಮಾರು ನಾಲ್ಕು ವಾರಗಳ ವರ್ಜನದ ಅನಂತರ ಮತ್ತೆ ಪರೀಕ್ಷಿಸಲಾಗಿ, ಗ್ರಾಹಕಗಳು ಬಹುಮಟ್ಟಿಗೆ ಸಹಜಸ್ಥಿತಿಗೆ ಮರಳಿದ್ದುವು. ೨೦೧೬ರಲ್ಲಿ ಪ್ರಕಟವಾದ ಮತ್ತೊಂದು ಶೋಧನೆಯಿಂದ ಈ ಚೇತರಿಕೆಯು ಎರಡು ದಿನಗಳಲ್ಲಿಯೇ ಮೊದಲಾಗುವುದೆಂದು ತಿಳಿದುಬಂದಿತು. ವಿರಾಮಕ್ಕೆ ನಾಲ್ಕು ವಾರಗಳ ಅವಧಿಯನ್ನು ಹೇಳುವುದಕ್ಕೆ ಇಲ್ಲಿ ಆಧಾರವುಂಟು.

ವರ್ಜನದ ಲಕ್ಷಣಗಳು ಹುಟ್ಟುವ ಬಗೆಯೂ ಇದರಿಂದ ವಿಶದವಾಗುವುದು. ಹೊರಗಿನ ಸರಬರಾಯಿ ನಿಂತಿದೆ. ಒಳಗಿನ ಗ್ರಾಹಕಗಳು ಇನ್ನೂ ಪೂರ್ಣವಾಗಿ ಮರಳಿಲ್ಲ. ಈ ನಡುಗಾಲದಲ್ಲಿ ನಿದ್ರೆ, ಹಸಿವು, ಶಾಂತಿ ಮೂರೂ ಕೆಡುವುವು. ಅಮೆರಿಕದ ಮನೋವೈದ್ಯ ಸಂಘದ ರೋಗನಿರ್ಣಯ ಗ್ರಂಥದ ೧೯೯೪ರ ಆವೃತ್ತಿಯಲ್ಲಿ ಸ್ಥಾನ ಪಡೆಯದಿದ್ದ ಈ ಲಕ್ಷಣಸಮೂಹವು ೨೦೧೩ರ ಆವೃತ್ತಿಯಲ್ಲಿ ಪ್ರತ್ಯೇಕ ಅವಸ್ಥೆಯಾಗಿ ಸೇರಿತು.

೪

ಲಕ್ಷಣಗಳು ಸಾಮಾನ್ಯವಾಗಿ ನಿಲ್ಲಿಸಿದ ಒಂದರಿಂದ ಮೂರು ದಿನಗಳೊಳಗೆ ತೋರಿ, ಮೊದಲ ವಾರದಲ್ಲಿ ಉಲ್ಬಣಿಸಿ, ಎರಡು ವಾರಗಳ ಸುಮಾರಿಗೆ ಇಳಿಯುವುವು. ಸಿಡುಕು, ಕಳವಳ, ಚಡಪಡಿಕೆ, ಖಿನ್ನತೆ, ಅರುಚಿ, ನಿದ್ರಾನಾಶ ಇವು ಮುಖ್ಯವಾದುವು. ಬೆವರು, ತಲೆನೋವು, ಹೊಟ್ಟೆನೋವುಗಳೂ ಕೆಲವರಲ್ಲಿ ಕಾಣುವುದುಂಟು. ನಿದ್ರೆಯ ತೊಂದರೆ ಮಾತ್ರ ಇನ್ನೂ ಹೆಚ್ಚು ಕಾಲ ಉಳಿಯಬಹುದು. ಬಹುಕಾಲ ಕನಸನ್ನೇ ಕಾಣದಿದ್ದವರಿಗೆ ಈಗ ಸ್ಪಷ್ಟವೂ ವಿಚಿತ್ರವೂ ಆದ ಕನಸುಗಳು ಬೀಳುವುವು. ಸೇವನೆಯಿಂದ ಕುಗ್ಗಿದ್ದ ಸ್ವಪ್ನಾವಸ್ಥೆಯ ನಿದ್ರೆ ಮರಳುವುದರ ಗುರುತೆಂದು ಇದನ್ನು ವಿವರಿಸುವರು.

ವಿರಾಮವು ಮುರಿಯುವುದು ಹೆಚ್ಚಾಗಿ ಈ ಕಾಲದಲ್ಲಿಯೇ. ನಿದ್ರೆ ಬಾರದವನು ಒಮ್ಮೆ ಸೇದುತ್ತಾನೆ. ಆ ರಾತ್ರಿಯೇ ನಿದ್ರೆ ಬರುತ್ತದೆ. ಭಂಗಿಯಿಲ್ಲದೆ ತನಗೆ ನಿದ್ರೆಯಿಲ್ಲ, ತನ್ನ ಸ್ವಭಾವವೇ ಹಾಗೆ ಎಂದು ಅವನು ನಿಶ್ಚಯಿಸುತ್ತಾನೆ. ಅವನು ಸೇದುತ್ತಿದ್ದಾಗಲೇ ಸಮಾಧಾನವಾಗಿದ್ದನೆಂದು ಮನೆಯವರೂ ಹೇಳುವುದುಂಟು. ಕಂಡುದು ಸುಳ್ಳಲ್ಲ, ಅದರಿಂದ ಮಾಡಿದ ಅನುಮಾನ ದುಷ್ಟ. ನಿದ್ರೆಯನ್ನು ಕೆಡಿಸಿದುದು ಅಭ್ಯಾಸದ ಶೇಷ; ಅದನ್ನೇ ಔಷಧವೆಂದು ಎಣಿಸುವುದು ಓಕಸಾತ್ಮ್ಯವನ್ನು ಪ್ರಕೃತಿಯೆಂದು ಭ್ರಮಿಸಿದಂತೆ.

ಇನ್ನೊಂದು ಭ್ರಾಂತಿಗೂ ಇಲ್ಲಿ ಅವಕಾಶವಿದೆ. ಚಿಲುಮೆಯಲ್ಲಿ ಗಾಂಜಾದೊಡನೆ ಹೊಗೆಸೊಪ್ಪನ್ನು ಬೆರಸುವುದು ರೂಢಿ. ಎರಡನ್ನೂ ಒಮ್ಮೆಗೇ ಬಿಟ್ಟವನು ಎರಡು ಬಗೆಯ ವರ್ಜನವನ್ನು ಕೂಡಿಯೇ ಅನುಭವಿಸಿ, ಎಲ್ಲವನ್ನೂ ಗಾಂಜಾದ ಮೇಲೆಯೇ ಹೊರಿಸುವನು. ಮಾದಕಾಂಶವು ಕೊಬ್ಬಿನಲ್ಲಿ ಕರಗಿ ನಿಂತು ಮೆಲ್ಲಮೆಲ್ಲನೆ ಹೊರಬೀಳುವುದರಿಂದ, ನಿತ್ಯಸೇವಕನ ಮೂತ್ರದಲ್ಲಿ ಅದರ ಅವಶೇಷ ನಾಲ್ಕು ವಾರಗಳ ಅನಂತರವೂ ಕಾಣಬಹುದು. ಅದು ವ್ರತಭಂಗಕ್ಕೆ ಸಾಕ್ಷಿಯಲ್ಲ.

ಒಮ್ಮೆಗೇ ನಿಲ್ಲಿಸಬೇಕೇ, ಪಾದಾಂಶಿಕವಾಗಿಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬಹುಕಾಲದ ಮದ್ಯಪಾನವನ್ನು ಹಠಾತ್ತಾಗಿ ನಿಲ್ಲಿಸಿದರೆ ಪ್ರಾಣಾಪಾಯವುಂಟು. ಭಂಗಿಯೊಂದನ್ನೇ ನಿಲ್ಲಿಸುವುದರಲ್ಲಿ ಸಾಮಾನ್ಯವಾಗಿ ಆ ಭಯವಿಲ್ಲ. ಆದಕಾರಣ ಮದ್ಯವನ್ನಾಗಲಿ ನಿದ್ರೆಯ ಮಾತ್ರೆಗಳನ್ನಾಗಲಿ ಜೊತೆಗೆ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಎಲ್ಲವನ್ನೂ ಬಿಡತಕ್ಕುದಲ್ಲ. ಕ್ರಮವಾಗಿ ಇಳಿಸುವವರು ದಿನದ ಮೊದಲ ಸೇವನೆಯ ವೇಳೆಯನ್ನು ಮುಂದೂಡುವುದರಿಂದಲೂ, ಸಲಗಳನ್ನು ಕಡಮೆಮಾಡುವುದರಿಂದಲೂ ಆರಂಭಿಸುವುದುಂಟು. ಕಳೆದುದರ ಸ್ಥಾನದಲ್ಲಿ ಹಿತವಾದುದನ್ನು ಇರಿಸಬೇಕೆಂಬ ಚರಕನ ಮಾತು ಇಲ್ಲಿ ಮರೆಯತಕ್ಕುದಲ್ಲ. ಸಂಜೆಯ ಆ ಒಂದು ಗಳಿಗೆ ಬರಿದಾಗಿ ಉಳಿದರೆ ಹಳೆಯದೇ ಅದನ್ನು ತುಂಬುವುದು.

೫

ವಿರಾಮ ಮುಗಿದ ಮೇಲೆ ಹಳೆಯ ಮೊತ್ತಕ್ಕೇ ಮರಳುವುದು ಅಪಾಯಕರ. ಗ್ರಾಹಕಗಳು ಮರಳಿರುವುದರಿಂದ ಮೊದಲು ಸಹ್ಯವಾಗಿದ್ದುದು ಈಗ ಭಯಭ್ರಾಂತಿಗಳನ್ನು ಹುಟ್ಟಿಸಬಲ್ಲುದು. ಅರೆದು ಕುಡಿಯುವ ಭಂಗಿಯ ವಿಷಯದಲ್ಲಿ ಇದು ಮತ್ತೂ ನಿಜ. ಅದರ ಫಲ ತೋರಲು ಒಂದೆರಡು ಗಂಟೆಗಳೇ ಹಿಡಿಯುವುದರಿಂದ, ಏನೂ ಆಗಲಿಲ್ಲವೆಂದು ಮತ್ತೆ ಕುಡಿಯುವರು. ಕೆಲವರಿಗಂತೂ ವಿರಾಮವಷ್ಟೇ ಸಾಲದು. ಚಿತ್ತವಿಕಾರ ಒಮ್ಮೆ ಕಾಣಿಸಿಕೊಂಡವರಿಗೂ, ನಿತ್ಯಸೇವನೆಯಿಂದ ಮರಳಿಮರಳಿ ಬರುವ ವಾಂತಿರೋಗಕ್ಕೆ ತುತ್ತಾದವರಿಗೂ ಪೂರ್ಣತ್ಯಾಗವೇ ಮಾರ್ಗ. ೨೦೦೪ರಲ್ಲಿ ಆಸ್ಟ್ರೇಲಿಯದ ವೈದ್ಯರು ವರ್ಣಿಸಿದ ಈ ವಾಂತಿರೋಗದಲ್ಲಿ, ಬಿಸಿನೀರಿನ ಸ್ನಾನದಿಂದ ತಾತ್ಕಾಲಿಕ ಶಮನ ದೊರೆಯುವುದು ವಿಚಿತ್ರವಾದ ಲಕ್ಷಣ.

೨೦೧೯ರಲ್ಲಿ ಭಾರತ ಸರ್ಕಾರವು ಪ್ರಕಟಿಸಿದ ಸಮೀಕ್ಷೆಯಂತೆ, ದೇಶದಲ್ಲಿ ಸುಮಾರು ೩.೧ ಕೋಟಿ ಜನರು, ಎಂದರೆ ೧೦ರಿಂದ ೭೫ ವಯಸ್ಸಿನವರಲ್ಲಿ ನೂರಕ್ಕೆ ೨.೮ರಷ್ಟು ಮಂದಿ, ಒಂದು ವರ್ಷದೊಳಗೆ ಈ ವಸ್ತುಗಳಲ್ಲಿ ಯಾವುದಾದರೊಂದನ್ನು ಸೇವಿಸಿದ್ದರು. ಗಾಂಜಾ ಚರಸ್ಸುಗಳು ೧೯೮೫ರ ಮಾದಕವಸ್ತು ಕಾಯಿದೆಯಿಂದ ನಿಷಿದ್ಧವಾಗಿರುವುದರಿಂದ, ಬಿಡಲು ಬಯಸುವವರೂ ದಂಡನೆಗೆ ಅಂಜಿ ಚಿಕಿತ್ಸೆಯಿಂದ ದೂರ ಉಳಿಯುವುದುಂಟು. ಅಲ್ಪ ಪ್ರಮಾಣದ ಅಪರಾಧಕ್ಕೆ ಗುರಿಯಾದ ವ್ಯಸನಿಯು ತಾನಾಗಿ ಮಾನ್ಯವಾದ ಚಿಕಿತ್ಸಾಲಯಕ್ಕೆ ಸೇರಿದರೆ ಅವನಿಗೆ ವಿಚಾರಣೆಯಿಂದ ವಿನಾಯಿತಿಯನ್ನು ಅದೇ ಕಾಯಿದೆಯ ೬೪ಎ ಪ್ರಕರಣವು ಕಲ್ಪಿಸಿರುವುದು ಬಹುಮಂದಿಗೆ ತಿಳಿಯದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆ ಪ್ರತ್ಯೇಕವಾದ ಕೇಂದ್ರವಿದೆ.

ಅಧ್ಯಾಪಕರಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯುಂಟು. ಇಪ್ಪತ್ತರ ನಡುವಯಸ್ಸಿನವರೆಗೂ ಮಿದುಳು ಬೆಳೆಯುತ್ತಲೇ ಇರುವುದರಿಂದ ನಿತ್ಯಸೇವನೆಯ ಹಾನಿ ತರುಣರಿಗೇ ಹೆಚ್ಚು. ಬಿಡಲು ಯತ್ನಿಸುತ್ತಿರುವ ವಿದ್ಯಾರ್ಥಿಯು ಆ ಎರಡು ವಾರಗಳಲ್ಲಿ ಸಿಡುಕನೂ ಮಂಕನೂ ಆಗಿ ತೋರುವನು. ಅದನ್ನು ದುಶ್ಶೀಲವೆಂದು ಓದುವುದೋ, ಅಭ್ಯಾಸವು ಕಳಚುತ್ತಿರುವುದರ ಲಕ್ಷಣವೆಂದು ಓದುವುದೋ ಎಂಬುದರ ಮೇಲೆ ಅವನ ಮುಂದಿನ ಎರಡು ವಾರಗಳು ನಿಂತಿರಬಹುದು. ಬಲ್ಲವನು ಸಹಸಾ ಖಂಡಿಸದೆ ಕಾಲವನ್ನು ಕೊಡುವನು. ಏಕೆಂದರೆ ಈ ರೋಗದಲ್ಲಿ ಕಾಲವೇ ಔಷಧದ ಬಹುಭಾಗ.