ಕಣಜದ ಮನೆಯಲ್ಲಿ ದಂಪತಿಗಳ ವಿಶ್ರಾಂತಿ

ಬೆಳೆದು ಬಳಲಿದ ಹೊಲವನ್ನು ಜಾಣ ರೈತನು ಒಂದು ಹಂಗಾಮು ಬೀಳು ಬಿಡುತ್ತಾನೆ. ಮುಂದಿನ ಬೆಳೆಗೆ ಬೇಕಾದ ಸಾರವನ್ನೂ ತೇವವನ್ನೂ ಮಣ್ಣು ಆ ಅವಧಿಯಲ್ಲಿ ಕೂಡಿಸಿಕೊಳ್ಳುತ್ತದೆ. ದಾಂಪತ್ಯಕ್ಕೂ ಇಂಥದೊಂದು ಬೀಳುಗಾಲ ಅವಶ್ಯವೆಂಬುದನ್ನು ಮಹಾನಗರದ ಜೀವನವು ಮರೆಸಿಬಿಟ್ಟಿದೆ. ನಲ್ಲಿಯ ನೀರಿಗೆಂದು ನಸುಕಿನಲ್ಲೇ ಏಳುವುದು, ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಬಿಡಿಸಿಕೊಂಡು ರಾತ್ರಿ ಮನೆ ಸೇರುವುದು, ಇವುಗಳ ನಡುವೆ ಗಂಡಹೆಂಡಿರು ಪರಸ್ಪರ ಆಡುವ ಮಾತು ಎಷ್ಟು? ಆಡಿದರೂ ಅದು ಶಾಲೆಯ ಶುಲ್ಕ, ಅಡಿಗೆಯ ಅನಿಲ, ಸಾಲದ ಕಂತು ಇಷ್ಟಕ್ಕೇ ಮುಗಿಯುತ್ತದೆ.

ಈ ಕೊರತೆಗೆ ಇಂಗ್ಲೆಂಡಿನ ಗ್ರಾಮಾಂತರವು ಒದಗಿಸುತ್ತಿರುವ ಒಂದು ಪರಿಹಾರ ಕುತೂಹಲಕರವಾದುದು. ದವಸ ತುಂಬುತ್ತಿದ್ದ ಹಳೆಯ ಬಾರ್ನ್‌ಗಳು ಅಲ್ಲಿ ವಿಶ್ರಾಂತಿಗೃಹಗಳಾಗಿ ಮಾರ್ಪಟ್ಟಿವೆ. ಶುಕ್ರವಾರ ಸಂಜೆ ಬಂದ ದಂಪತಿಗಳು ಸೋಮವಾರ ಬೆಳಿಗ್ಗೆಯವರೆಗೆ ಅಲ್ಲಿ ತಂಗುತ್ತಾರೆ.

ಒಂದೇ ಸೂರಿನಡಿ ಕಣ ಮತ್ತು ಕಣಜ

ಬಾರ್ನ್ ಎಂಬುದಕ್ಕೆ ಕನ್ನಡದಲ್ಲಿ ಸರಿಸಮನಾದ ಒಂದು ಪದ ದೊರೆಯುವುದು ಕಷ್ಟ. ಕಣ, ಕಣಜ, ಬಣವೆ ಈ ಮೂರೂ ಒಂದೇ ಸೂರಿನಡಿ ಸೇರಿದರೆ ಅದು ಬಾರ್ನ್ ಆಗುತ್ತದೆ. ಕನ್ನಡನಾಡಿನ ರೈತನಿಗೆ ಸುಗ್ಗಿಯ ಒಣಹವೆ ಒಂದು ವರ; ಆತನು ಬಯಲಿನ ಕಣದಲ್ಲಿಯೇ ತೆನೆ ತುಳಿಸಿ ಗಾಳಿಗೆ ತೂರುತ್ತಿದ್ದನು. ಮಳೆ ಯಾವಾಗ ಸುರಿದೀತೆಂದು ಹೇಳಲಾಗದ ಇಂಗ್ಲೆಂಡಿನಲ್ಲಿ ಆ ಅನುಕೂಲವಿಲ್ಲದ್ದರಿಂದ ಕಣವೇ ಛಾವಣಿಯ ಕೆಳಗೆ ಬಂದಿತು. ಕಟ್ಟಡದ ನಡುವೆ ಒಕ್ಕಣೆಯ ಗಟ್ಟಿ ನೆಲ. ಅದರ ಎರಡು ಬದಿಗೆ ಎದುರುಬದುರಾಗಿ, ತುಂಬಿದ ಗಾಡಿ ನುಗ್ಗುವಷ್ಟು ಎತ್ತರದ ಬಾಗಿಲುಗಳು. ಎರಡನ್ನೂ ತೆರೆದಾಗ ಹಾಯುವ ಗಾಳಿಗೆ ಹೊಟ್ಟು ಹಾರಿ ಕಾಳು ಉಳಿಯುತ್ತಿತ್ತು. ಗೋಡೆಗಳಲ್ಲಿ ಗಾಳಿಯಾಡಲು ಕಿರಿದಾದ ಸೀಳುಗಂಡಿಗಳು. ತುದಿಯಲ್ಲಿ, ಇಲಿ ಹಿಡಿಯುವ ಗೂಬೆಗೆಂದು ಬಿಟ್ಟ ಒಂದು ಕಿಂಡಿ.

ಆಕ್ಸ್‌ಫರ್ಡ್‌ಶೈರಿನ ಗ್ರೇಟ್ ಕಾಕ್ಸ್‌ವೆಲ್‌ನಲ್ಲಿ ಬ್ಯೂಲಿ ಮಠದ ಸಂನ್ಯಾಸಿಗಳಿಗಾಗಿ 13ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಬಾರ್ನ್ ಸುಮಾರು 150 ಅಡಿ ಉದ್ದವಾಗಿದ್ದು ಇಂದಿಗೂ ನಿಂತಿದೆ. ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸ್ ಇದರ ಗಾಂಭೀರ್ಯಕ್ಕೆ ಮಾರುಹೋಗಿದ್ದನು. ಅದು ಹಾಗೆಯೇ ಸಂರಕ್ಷಿತವಾಗಿದೆ. ಆದರೆ ಎಲ್ಲ ಬಾರ್ನ್‌ಗಳಿಗೂ ಈ ಭಾಗ್ಯವಿರಲಿಲ್ಲ. 1786ರ ಸುಮಾರಿಗೆ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕಣೆಯ ಯಂತ್ರವನ್ನು ರೂಪಿಸಿದನು. ಚಳಿಗಾಲದ ಕೂಲಿ ಕಳೆದುಕೊಂಡ ಶ್ರಮಿಕರು 1830ರಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ದಂಗೆಯೆದ್ದು ಆ ಯಂತ್ರಗಳನ್ನು ಒಡೆದುಹಾಕಿದರು. ಯಂತ್ರ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೊಯ್ಲು ಒಕ್ಕಣೆಗಳೆರಡನ್ನೂ ಹೊಲದಲ್ಲಿಯೇ ಮುಗಿಸುವ ಕಂಬೈನ್ ಬಂದ ಮೇಲೆ ಬಾರ್ನ್‌ಗಳು ಬರಿದಾದವು.

ಕೆಲವು ಕುಸಿದವು, ಕೆಲವು ಮನೆಗಳಾದವು. 1965ರಲ್ಲಿ ಸ್ಥಾಪನೆಗೊಂಡ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಜೀರ್ಣಗೊಂಡ ಹಳೆಯ ಕಟ್ಟಡಗಳನ್ನು ದುರಸ್ತಿಗೊಳಿಸಿ ರಜೆಯ ಬಿಡಾರಗಳಾಗಿ ಬಾಡಿಗೆಗೆ ಕೊಡುವ ಪದ್ಧತಿಯನ್ನು ಬೆಳೆಸಿತು. 2014ರಲ್ಲಿ ಕೃಷಿ ಕಟ್ಟಡಗಳನ್ನು ವಾಸದ ಮನೆಗಳಾಗಿ ಪರಿವರ್ತಿಸುವ ನಿಯಮಗಳು ಇಂಗ್ಲೆಂಡಿನಲ್ಲಿ ಸಡಿಲಗೊಂಡವು. ಬಾಡಿಗೆಯ ಹಕ್ಕಿಲ್ಲದಿದ್ದರೂ ಗೂಬೆಗೆ ಕಾನೂನಿನ ರಕ್ಷಣೆಯಿದೆ: ಗೂಡಿನಲ್ಲಿರುವ ಕಣಜಗೂಬೆಯನ್ನು ಕದಡುವುದು 1981ರ ಕಾಯಿದೆಯ ಪ್ರಕಾರ ಅಪರಾಧ!

ಮೊದಲ ದಿನದ ತಳಮಳ

ಇಂಥ ಮನೆಯಲ್ಲಿ ಸಾಮಾನ್ಯವಾಗಿ ಗಾಡಿ ಬರುತ್ತಿದ್ದ ಬಾಗಿಲ ಜಾಗದಲ್ಲಿ ಆಳೆತ್ತರದ ಗಾಜು, ತಲೆಯ ಮೇಲೆ ಓಕ್ ಮರದ ತೊಲೆಗಳು, ಒಂದು ಮೂಲೆಯಲ್ಲಿ ಸೌದೆಯ ಒಲೆ, ಹುಲ್ಲಿನ ಅಟ್ಟದ ಮೇಲೆ ಹಾಸಿಗೆ. ಹೊರಗೆ ಹೊಲ, ಕುರಿ, ಕಾಲುದಾರಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸಾರ್ವಜನಿಕರು ಹಕ್ಕಿನಿಂದ ನಡೆಯಬಹುದಾದ ಹಾದಿಗಳ ಒಟ್ಟು ಉದ್ದ ಸುಮಾರು 1,40,000 ಮೈಲಿ. ಅವು ಬಹಳಷ್ಟು ಕಡೆ ಖಾಸಗಿ ಹೊಲಗಳ ನಡುವೆಯೇ ಹಾಯ್ದುಹೋಗುತ್ತವೆ.

ಆದರೂ ನಗರದಿಂದ ಬಂದವರಿಗೆ ಮೊದಲ ಸಂಜೆ ಸುಖಕರವಾಗಿಯೇ ಇರುತ್ತದೆಂದು ಹೇಳಲಾಗದು. ಕೈ ತಾನಾಗಿ ಮೊಬೈಲಿನತ್ತ ಹೋಗುತ್ತದೆ. ಕಚೇರಿಯ ಚಿಂತೆ ಕಾಡುತ್ತದೆ. ಅದುಮಿಟ್ಟಿದ್ದ ಸಣ್ಣ ಅಸಮಾಧಾನಗಳು ನೀರವದಲ್ಲಿ ತಲೆಯೆತ್ತುತ್ತವೆ. ಎರಡನೆಯ ದಿನ, ನಾಲ್ಕಾರು ಮೈಲಿ ಜೊತೆಯಾಗಿ ನಡೆದು ಬಂದು, ಒಬ್ಬರು ಒಲೆಗೆ ಸೌದೆ ಒಟ್ಟುತ್ತ ಇನ್ನೊಬ್ಬರು ತರಕಾರಿ ಹೆಚ್ಚುತ್ತ ಇರುವಾಗ ಮಾತು ತಾನಾಗಿ ಹೊರಡುತ್ತದೆ. ಬಹುಕಾಲ ಕೇಳದೆ ಉಳಿದ ಪ್ರಶ್ನೆಯೊಂದನ್ನು ಕೇಳಲು ಧೈರ್ಯ ಬರುವುದು ಇಂಥ ಹೊತ್ತಿನಲ್ಲಿಯೇ.

ವೈದ್ಯಶಾಸ್ತ್ರದ ದೃಷ್ಟಿಯಿಂದ

ಆರೋಗ್ಯವಂತರಲ್ಲಿ ನಿದ್ರೆಯ ವೇಳೆ ರಕ್ತದೊತ್ತಡವು ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ತಗ್ಗುತ್ತದೆ. ಹೃದಯಕ್ಕೆ ಅದೇ ವಿಶ್ರಾಂತಿಯ ವೇಳೆ. ವಾಹನಗಳ ಸದ್ದು ನಿದ್ದೆಗೆಡಿಸದಿದ್ದರೂ ನರಮಂಡಲವನ್ನು ಕೆರಳಿಸಿ ನಾಡಿಯ ಬಡಿತವನ್ನು ಏರಿಸಬಲ್ಲದು. ಯುರೋಪಿನ ಊರುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಸೂಚಿಸಿದ ರಾತ್ರಿಯ ಶಬ್ದದ ಮಿತಿ ಮನೆಯ ಹೊರಗೆ 40 ಡೆಸಿಬೆಲ್. ಮಹಾನಗರದ ಹೆದ್ದಾರಿಯ ಬದಿಯಲ್ಲಿ ಇದು ಕನಸಿನ ಮಾತು.

ಬೆಳಕಿನ ಪಾತ್ರವೂ ಹಿರಿದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಎಂಟು ಮಂದಿ ವಿದ್ಯುದ್ದೀಪಗಳಿಲ್ಲದೆ ಒಂದು ವಾರ ಡೇರೆಗಳಲ್ಲಿ ವಾಸಿಸಿದರು. ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಅವರ ದೇಹದಲ್ಲಿ ಸುಮಾರು ಎರಡು ಗಂಟೆ ಮುಂಚಿತವಾಗಿಯೇ ಏರತೊಡಗಿತು. ಹೃದ್ರೋಗ ಕುರಿತ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಮಹಿಳೆಯರನ್ನು 20 ವರ್ಷ ಗಮನಿಸಿ 1992ರಲ್ಲಿ ಹೊರಬಂದ ವರದಿಯಂತೆ, ಗೃಹಿಣಿಯರಲ್ಲಿ ಹೃದಯಾಘಾತದ ಮುನ್ಸೂಚನೆಗಳ ಪೈಕಿ ರಜೆಯ ವಿರಳತೆಯೂ ಒಂದಾಗಿತ್ತು. ರಜೆಯೊಂದೇ ಹೃದಯವನ್ನು ಕಾಯುತ್ತದೆಂದು ಇದರಿಂದ ಸಿದ್ಧವಾಗದು. ರಜೆ ಪಡೆಯಲಾಗದ ಬಾಳಿನಲ್ಲಿ ಬೇರೆ ಕಷ್ಟಗಳೂ ಇದ್ದಾವು. ಆದರೂ ಮನೆವಾರ್ತೆ ನಡೆಸುವವಳಿಗೆ ಬಿಡುವಿನ ಅಗತ್ಯವಿಲ್ಲವೆಂಬ ಭಾವನೆಯನ್ನು ಈ ಸಂಗತಿ ಅಲುಗಾಡಿಸಲೇಬೇಕು.

ಕೆಲವು ಎಚ್ಚರಿಕೆಗಳು ಅವಶ್ಯಕ. ಹಳ್ಳಿಯಲ್ಲಿ ಔಷಧದಂಗಡಿ ದೂರವಿರಬಹುದಾದುದರಿಂದ ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಒಯ್ಯಬೇಕು, ರಜೆಯೆಂದು ನಿಲ್ಲಿಸಬಾರದು. ಮೊಣಕಾಲು ನೋವಿದ್ದವರು ಅಟ್ಟದ ಕಡಿದಾದ ಮೆಟ್ಟಿಲುಗಳಿಲ್ಲದ ಮನೆಯನ್ನು ಆರಿಸಬೇಕು. ಸೌದೆಯ ಒಲೆಯಿದ್ದಲ್ಲಿ ಕಾರ್ಬನ್ ಮಾನಾಕ್ಸೈಡಿನ ಎಚ್ಚರಿಕೆಯ ಗಂಟೆ ಇದೆಯೇ ಎಂದು ವಿಚಾರಿಸಬೇಕು. ಆ ಅನಿಲಕ್ಕೆ ವಾಸನೆಯಿಲ್ಲ.

ಮುಂಬಯಿಯ ದಂಪತಿಗಳಿಗೆ

ಹೊರನಾಡಿನ ಕನ್ನಡಿಗರಿಗೆ ರಜೆಯೆಂದರೆ ಊರು. ಊರೆಂದರೆ ಮದುವೆ, ಮುಂಜಿ, ಶ್ರಾದ್ಧ, ಬಂಧುಗಳ ಮನೆಯ ಊಟ, ಕೆಲವರಿಗೆ ಜಮೀನಿನ ತಕರಾರು. ಇವೆಲ್ಲ ಕರ್ತವ್ಯಗಳು, ಬಿಡಲಾಗದವು. ಆದರೆ ಹದಿನೈದು ದಿನ ಊರಿನಲ್ಲಿದ್ದು ಹಿಂತಿರುಗಿದವರು ಹೋಗುವಾಗಿಗಿಂತ ಹೆಚ್ಚು ಬಳಲಿರುವುದೇಕೆಂಬುದು ಯೋಚಿಸತಕ್ಕ ಪ್ರಶ್ನೆ. ಅಷ್ಟು ದಿನಗಳಲ್ಲಿ ಪತಿಪತ್ನಿಯರು ಇಬ್ಬರೇ ಕುಳಿತ ಒಂದು ಸಂಜೆಯೂ ಇಲ್ಲದಿರುವುದು ಅಪರೂಪವೇನಲ್ಲ.

ಇಂಗ್ಲೆಂಡಿನ ಬಾರ್ನ್ ಎಲ್ಲರಿಗೂ ಎಟುಕುವಂತಹುದಲ್ಲ, ಎಟುಕಬೇಕಾಗಿಯೂ ಇಲ್ಲ. ಅದರ ಗುಣವಿರುವುದು ಓಕ್ ತೊಲೆಗಳಲ್ಲಾಗಲಿ ಗಾಜಿನಲ್ಲಾಗಲಿ ಅಲ್ಲ. ಕರೆಯುವವರಿಲ್ಲದ, ಅವಸರವಿಲ್ಲದ ಎರಡು ದಿನಗಳಲ್ಲಿ. ಬೀಗ ಹಾಕಿದ ಹಿರಿಯರ ಮನೆಗಳು ಕನ್ನಡನಾಡಿನ ಹಳ್ಳಿಗಳಲ್ಲಿ ಎಷ್ಟಿಲ್ಲ? ಬರಿದಾದ ಕಣಜ, ಜೇಡ ಕಟ್ಟಿದ ಅಟ್ಟ, ಬೆಳದಿಂಗಳು ಬೀಳುವ ಅಂಗಳ ಅಲ್ಲಿಯೂ ಇವೆ. ಊರಿನ ಹದಿನೈದು ದಿನಗಳಲ್ಲಿ ಎರಡನ್ನು ಬಂಧುಗಳಿಗೆ ಮೊದಲೇ ತಿಳಿಸಿ ತಮಗಾಗಿ ಕಾದಿರಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಕಸ ಗುಡಿಸಿ, ದೀಪ ಹಚ್ಚಿ, ಗಂಜಿಯನ್ನೋ ಅನ್ನಸಾರನ್ನೋ ಇಬ್ಬರೂ ಸೇರಿ ಬೇಯಿಸಿಕೊಂಡು ಅಂಗಳದಲ್ಲಿ ಕುಳಿತರೆ ಸಾಕು.

ರಜೆಯ ಸತ್ಫಲ ನಗರಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ಆದುದರಿಂದ ಬೀಳುಗಾಲವು ಒಮ್ಮೆಗೇ ಮುಗಿಯತಕ್ಕದ್ದಲ್ಲ. ವಾರಕ್ಕೊಂದು ಸಂಜೆಯಾದರೂ ಲೆಕ್ಕಪತ್ರಗಳ ಮಾತಿಲ್ಲದೆ ಜೊತೆಯಾಗಿ ನಡೆದುಬರುವ ದಂಪತಿಗಳಿಗೆ ಮಹಾನಗರದಲ್ಲಿಯೂ ಹೊಟ್ಟು ಹಾರಿಸಿ ಕಾಳು ಉಳಿಸಿಕೊಳ್ಳುವಷ್ಟು ಗಾಳಿ ಸಿಕ್ಕೀತು.